ಪ್ರತಿ: ಮಾಂಟ್ರಿಯಲ್ ಚಳಿಗೆ ಇವಿ (ಎಲೆಕ್ಟ್ರಿಕ್ ಕಾರು) ಅಂತ ಬರೆದಿರೋ ಟೈರೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ ಸರ್. ಆದ್ರೆ ಬ್ಯಾಟರಿ ಇರೋದ್ರಿಂದ ಕಾರು ಭಾರ ಜಾಸ್ತಿ, ಅದಕ್ಕೆ ಡ್ರೈವರ್ ಡೋರ್ ಹತ್ರ ಇರೋ ಸ್ಟಿಕರ್ ನೋಡಿ ಅದೇ ಸೈಜು ತಗೊಳ್ಳಿ, ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರತ್ತೆ ಅನ್ನೋ ನಂಬರ್) ಮಾತ್ರ ಅದ್ರಲ್ಲಿರೋದಕ್ಕಿಂತ ಕಮ್ಮಿ ಆಗ್ಬಾರ್ದು. ಟೈರ್ ಮೇಲೆ ಬರೀ ಎಂ ಎಸ್ (M+S, ಅಂದ್ರೆ ಕೆಸರು-ಹಿಮ) ಅಂತಿದ್ರೆ ಸಾಲಲ್ಲ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರ್ಬೇಕು, ಯಾಕಂದ್ರೆ ಮಾಂಟ್ರಿಯಲ್ ಇರೋ ಕ್ವಿಬೆಕ್‌ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರ್ ಕಡ್ಡಾಯ.

ನಾಲ್ಕೂ ಹಾಕ್ಸಿ, ಎರಡೇ ಹಾಕ್ಸಿ ದುಡ್ಡು ಉಳಿಸೋಕೆ ಹೋಗ್ಬೇಡಿ. ನಾಲ್ಕೂ ಚಕ್ರಕ್ಕೆ ಬಲ ಕೊಡೋ ಆಲ್ ವೀಲ್ ಡ್ರೈವ್ ಇದೆಯಲ್ಲಾ ಅಂತ ನಾನೂ ಮೊದಲ ವರ್ಷ ನವೆಂಬರ್ ಹಿಮಕ್ಕೆ ಹಳೇ ಟೈರಲ್ಲೇ ಹೊರಟೆ, ಹೊರಡೋಕೇನೋ ಜುಮ್ಮಂತ ಹೊರಡ್ತು, ಸಿಗ್ನಲ್ಲಲ್ಲಿ ಬ್ರೇಕ್ ಒತ್ತಿದ್ರೆ ಎಣ್ಣೆ ಮೇಲಿನ ದೋಸೆ ಥರ ಜಾರ್ಕೊಂಡು ಹೋಯ್ತು! ರೇಂಜ್ (ಒಂದು ಚಾರ್ಜಿಗೆ ಓಡೋ ದೂರ) ಸ್ವಲ್ಪ ಬೀಳತ್ತೆ, ಚಳಿಗೆ ಟೈರ್ ಗಾಳಿನೂ ಇಳಿಯತ್ತೆ, ತಿಂಗಳಿಗೊಂದ್ಸಲ ಚೆಕ್ ಮಾಡ್ತಾ ಇರಿ.