ಮುಳಬಾಗಿಲು ಕಡೆಯ ಕೋಳಿ ಶೆಡ್ಡುಗಳಿಗೆ ಇಷ್ಟೊಂದು ಆ್ಯಂಟಿಬಯೋಟಿಕ್ ಯಾಕೆ ಹೋಗುತ್ತದೆ?

ಕೋಲಾರ ಜಿಲ್ಲೆಯ ಮುಳಬಾಗಿಲು, ನಂಗಲಿ, ಶ್ರೀನಿವಾಸಪುರದ ಕಡೆ ಸಣ್ಣ ಫಾರಂಗಳಲ್ಲಿ ಕೋಳಿಗೆ ಅಷ್ಟೊಂದು ಔಷಧ ಯಾಕೆ ಹಾಕುತ್ತಾರೆ ಎಂದು ಕೇಳಿದಿರಿ. ರೈತನ ದುರಾಸೆ ಎಂದು ಹೇಳಿ ಮುಗಿಸುವವರು ಶೆಡ್ಡಿನೊಳಗೆ ಕಾಲಿಟ್ಟು ನೋಡಿದವರಲ್ಲ. ನಮ್ಮಲ್ಲಿ ಬಾಟಲಿ ತೆರೆಸುವುದು ಬಹುತೇಕ ಚಳಿ, ಕೆಟ್ಟ ನೀರು, ನೆಲಕ್ಕೆ ಹಾಸಿದ ಒದ್ದೆ ಹೊಟ್ಟು ಮತ್ತು ಕೋಳಿ ಒಯ್ಯಲು ಹೊತ್ತಿಗೆ ಬಾರದ ಲಾರಿ. ಇವನ್ನು ಸರಿಮಾಡದೆ ಔಷಧವನ್ನಷ್ಟೇ ಬೈದರೆ ಏನೂ ಬದಲಾಗುವುದಿಲ್ಲ.

ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಕಾಗದಪತ್ರ ಕನ್ನಡ, ಹೊಸೂರು–ಕೃಷ್ಣಗಿರಿಯ ವ್ಯಾಪಾರ ತಮಿಳು. ಬ್ರಾಯ್ಲರ್ ಶೆಡ್ಡುಗಳು ಹೆಚ್ಚಿನವು ಕಂಪನಿ ಒಪ್ಪಂದದವು. ಮರಿ, ಫೀಡು, ಔಷಧ ಕಂಪನಿಯದು. ಶೆಡ್ಡು, ಕರೆಂಟು, ನೀರು, ದುಡಿಮೆ ರೈತನದು. ಕೂಲಿ ಕಿಲೋ ಲೆಕ್ಕದಲ್ಲಿ. ಸಾವು ಹೆಚ್ಚಿದರೆ, ಫೀಡು ಜಾಸ್ತಿ ತಿಂದರೆ ಕಡಿತ. ಬೆಳಿಗ್ಗೆ ಹತ್ತು ಕೋಳಿ ಸತ್ತುಬಿದ್ದರೆ ರೈತನ ಕೈ ಬಾಟಲಿಗೆ ಹೋಗುವುದು ಈ ಭಯಕ್ಕೆ. ಸ್ವಂತಕ್ಕೆ ಸಾಕುವವರು ಆಂಧ್ರ ಗಡಿಯಾಚೆಯ ಪಲಮನೇರು, ವಿ.ಕೋಟ ಕಡೆಯಿಂದಲೂ ಸಾಲಕ್ಕೆ ಫೀಡು ತರುತ್ತಾರೆ. ಜೊತೆಗೆ ಔಷಧವೂ ಬರುತ್ತದೆ. ಲೇಬಲ್ ಇಂಗ್ಲಿಷಿನಲ್ಲಿ, ಡೋಸು ಅಂಗಡಿಯವರ ಬಾಯಲ್ಲಿ ತೆಲುಗಿನಲ್ಲಿ: ‘ಡ್ರಮ್ಮುಕಿ ರೆಂಡು ಮೂತಲು.’ ಡ್ರಮ್ಮಿಗೆ ಎರಡು ಮುಚ್ಚಳ.

ಈ ಮುಚ್ಚಳದ ಲೆಕ್ಕದಲ್ಲೇ ಮೊದಲ ಕೇಡು. ಎನ್ರೋಫ್ಲಾಕ್ಸಾಸಿನ್ ಶೇ. 10ರ ದ್ರಾವಣ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಆ್ಯಂಟಿಬಯೋಟಿಕ್. ಅದರ ಲೆಕ್ಕ ಕೋಳಿಯ ತೂಕದ ಮೇಲೆ, ಕಿಲೋಗೆ 10 ಮಿಲಿಗ್ರಾಂ. ಒಂದೊಂದು ಕಿಲೋ ತೂಗುವ ಸಾವಿರ ಕೋಳಿಗೆ ದಿನಕ್ಕೆ 100 ಮಿ.ಲೀ. ಅಷ್ಟು ಕೋಳಿ ಸಾಧಾರಣ ಹವೆಯಲ್ಲಿ ಸುಮಾರು 200 ಲೀಟರ್ ನೀರು ಕುಡಿಯುವುದರಿಂದ ಲೀಟರಿಗೆ ಅರ್ಧ ಮಿ.ಲೀ. ಎಂಬ ಮಾತು ಬಂದಿದೆ. ಆದರೆ ಏಪ್ರಿಲ್ ಬಿಸಿಲಿಗೆ ಕೋಳಿ ಇದಕ್ಕಿಂತ ಎಷ್ಟೋ ಹೆಚ್ಚು ಕುಡಿಯುತ್ತದೆ, ಡಿಸೆಂಬರಿನಲ್ಲಿ ಕಡಿಮೆ. ಲೀಟರ್ ಲೆಕ್ಕ ಹಿಡಿದವನು ಬೇಸಿಗೆಯಲ್ಲಿ ಮಿತಿಮೀರಿ ಕೊಡುತ್ತಾನೆ, ಚಳಿಗಾಲದಲ್ಲಿ ಸಾಲದಷ್ಟು. ಸಾಲದಷ್ಟು ಕೊಡುವುದೇ ಹೆಚ್ಚು ಅಪಾಯ: ದುರ್ಬಲ ಬ್ಯಾಕ್ಟೀರಿಯಾ ಸತ್ತು ಗಟ್ಟಿಯದು ಉಳಿದುಕೊಳ್ಳುತ್ತದೆ. ಎರಡನೇ ದಿನ ಸಾವು ನಿಂತಿತೆಂದು ಕೋರ್ಸು ಬಿಟ್ಟರೂ ಅದೇ ಕಥೆ.

ಇನ್ನು ನೀರು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಸಾಮಾನ್ಯ, ಬರುವುದು ಗಡಸು ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಟೆಟ್ರಾಸೈಕ್ಲಿನ್ ಜಾತಿಯ ಔಷಧವನ್ನೂ ಎನ್ರೋಫ್ಲಾಕ್ಸಾಸಿನನ್ನೂ ಕಟ್ಟಿಹಾಕುತ್ತವೆ. ಔಷಧ ಕೋಳಿಯ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ‘ಈ ಬಾಟಲಿ ಕೆಲಸ ಮಾಡಲಿಲ್ಲ’ ಎಂದು ರೈತ ಇನ್ನೂ ಬಲವಾದದ್ದನ್ನು ಕೇಳಲು ಅಂಗಡಿಗೆ ಹೋಗುತ್ತಾನೆ. ಗಡಸುತನ ಇಳಿಸೋಣವೆಂದು ಅದೇ ಡ್ರಮ್ಮಿಗೆ ನೀರನ್ನು ಹುಳಿಮಾಡುವ ಆ್ಯಸಿಡಿಫೈಯರ್ ಸುರಿಯುವವರೂ ಇದ್ದಾರೆ. ಎನ್ರೋಫ್ಲಾಕ್ಸಾಸಿನ್ ದ್ರಾವಣ ಆಮ್ಲ ತಗುಲಿದರೆ ಬೆಳ್ಳಗೆ ಒಡೆದು ತಳ ಸೇರುತ್ತದೆ. ಔಷಧ ಕೊಡುವ ದಿನ ಮಳೆನೀರು ಅಥವಾ ಫಿಲ್ಟರ್ ನೀರು ಸಿಕ್ಕರೆ ಅದನ್ನೇ ಬಳಸಿ.

ನೀರಿನ ಪೈಪೂ ಅಷ್ಟೇ ಮುಖ್ಯ. ಬೆಲ್ಲದ ನೀರು, ವಿಟಮಿನ್ ಹರಿಸಿದ ಪೈಪನ್ನು ತೊಳೆಯದೆ ಬಿಟ್ಟರೆ ಒಳಗೆ ಲೋಳೆ ಕಟ್ಟುತ್ತದೆ, ಇ.ಕೋಲೈ ಬ್ಯಾಕ್ಟೀರಿಯಾ ಅಲ್ಲೇ ಮನೆಮಾಡುತ್ತದೆ. ಬ್ಯಾಚು ಮುಗಿದಾಗೆಲ್ಲ ಪೈಪು ಖಾಲಿಮಾಡಿ ತೊಳೆಯಬೇಕು. ದಿನದ ನೀರಿಗೆ ಸಾವಿರ ಲೀಟರಿಗೆ 8–10 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಸಾಕು. ಬಾಯಿ ತೆರೆದಿಟ್ಟ ಹಳೇ ಚೀಲದ ಪೌಡರಿಗೆ ಶಕ್ತಿ ಇರುವುದಿಲ್ಲ. ನೀರಿನಲ್ಲಿ ಲಸಿಕೆ ಕೊಡುವ ಹಿಂದಿನ ದಿನವೇ ಇದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಲಸಿಕೆ ಸಾಯುತ್ತದೆ.

ಮರಿ ಬಂದ ಮೊದಲ ವಾರ ‘ಮುನ್ನೆಚ್ಚರಿಕೆ’ ಎಂದು ಮೂರರಿಂದ ಐದು ದಿನ ಆ್ಯಂಟಿಬಯೋಟಿಕ್ ಕೊಡುವುದು ಇಲ್ಲಿ ಪದ್ಧತಿಯೇ ಆಗಿದೆ. ಅದರ ಹಿಂದಿರುವುದು ಚಳಿ. ಮೊದಲ ದಿನ ಮರಿಯ ಬೆನ್ನಿನ ಎತ್ತರದಲ್ಲಿ ಸುಮಾರು 33 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಜನವರಿ ರಾತ್ರಿ ಕರೆಂಟು ಹೋದರೆ ಮರಿಗಳು ಒಂದರ ಮೇಲೊಂದು ಬಿದ್ದು ಗುಂಪುಗೂಡುತ್ತವೆ, ಬೆಳಿಗ್ಗೆ ಹಿಂಭಾಗ ಅಂಟಿಕೊಂಡಿರುತ್ತದೆ, ಮೂರನೇ ದಿನ ಸಾವು ಶುರು. ಬಲ್ಬಿನ ಜೊತೆ ಇದ್ದಿಲ ಒಲೆಯೋ ಗ್ಯಾಸ್ ಬ್ರೂಡರೋ ತಯಾರಿದ್ದು, ಹೊಗೆ ಹೋಗಲು ಪರದೆಯ ಮೇಲ್ತುದಿ ಒಂದು ಗೇಣು ಬಿಟ್ಟಿದ್ದರೆ ಆ ಐದು ದಿನದ ಔಷಧ ಬೇಕಾಗುವುದಿಲ್ಲ.

ಸಾವು ಬಂದಾಗ ಅದು ಯಾವುದರಿಂದ ಎಂದು ನೋಡುವುದನ್ನು ಪ್ರತಿಯೊಬ್ಬ ಸಾಕಣೆದಾರನೂ ಪಶುವೈದ್ಯರಿಂದ ಕಲಿಯಬೇಕು. ಆಗತಾನೇ ಸತ್ತ ಎರಡು-ಮೂರು ಕೋಳಿ ಕೊಯ್ದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಯಕೃತ್ತು, ಹೃದಯದ ಮೇಲೆ ಬೆಳ್ಳಗೆ ಹಳದಿಮಿಶ್ರಿತ ಪೊರೆ ಕೂತಿದ್ದರೆ ಇ.ಕೋಲೈ ಅನುಮಾನ. ಕಲ್ಲುಹೊಟ್ಟೆಗೆ (ಗಿಜರ್ಡ್) ಮುಂಚಿನ ಗ್ರಂಥಿಹೊಟ್ಟೆಯಲ್ಲಿ ರಕ್ತದ ಚುಕ್ಕೆ, ಹಸಿರು ಹಿಕ್ಕೆ, ತಿರುಚಿದ ಕತ್ತು ಇದ್ದರೆ ಕೊಕ್ಕರೆ ರೋಗ (ರಾಣಿಖೇತ್). ತೊಡೆಯ ಮಾಂಸದಲ್ಲಿ ರಕ್ತದ ಗೆರೆಗಳಿದ್ದರೆ ಗಂಬೋರೊ. ಕುರುಡುಗರುಳಿನ ಜೋಡಿ ಚೀಲಗಳಲ್ಲಿ ರಕ್ತ ತುಂಬಿದ್ದರೆ ರಕ್ತಭೇದಿ. ಈ ನಾಲ್ಕರಲ್ಲಿ ಆ್ಯಂಟಿಬಯೋಟಿಕ್‌ಗೆ ನೇರವಾಗಿ ಬಗ್ಗುವುದು ಮೊದಲನೆಯದು ಮಾತ್ರ. ಕೊಕ್ಕರೆ, ಗಂಬೋರೊ ವೈರಸ್ಸಿನವು, ಲಸಿಕೆಯ ಕೆಲಸ. ರಕ್ತಭೇದಿ ಕರುಳಿನ ಪರಾವಲಂಬಿ ಜೀವಿಯಿಂದ ಬರುವುದು, ಅದಕ್ಕೆ ಆ್ಯಂಪ್ರೋಲಿಯಂ ತರಹದ ಬೇರೆ ಔಷಧ ಬೇಕು, ಹೊಟ್ಟೂ ಒಣಗಬೇಕು. ಆದರೆ ಜುಟ್ಟು ನೀಲಿಗಟ್ಟಿ ಒಮ್ಮೆಲೇ ರಾಶಿ ಕೋಳಿ ಸತ್ತರೆ ಕೊಯ್ಯಲೇಬಾರದು. ಅದು ಹಕ್ಕಿಜ್ವರ ಇರಬಹುದು. ಬಾಗಿಲು ಹಾಕಿ ಪಶು ಆಸ್ಪತ್ರೆಗೆ ತಿಳಿಸಬೇಕು. ಯಾವ ಔಷಧಕ್ಕೆ ಬಗ್ಗುತ್ತದೆಂಬ ಪರೀಕ್ಷೆಗೆ ಬೆಂಗಳೂರು ಹೆಬ್ಬಾಳದ ಪಶುರೋಗ ಪ್ರಯೋಗಾಲಯಕ್ಕೆ ಮಾದರಿ ಒಯ್ಯುವುದಾದರೆ ಔಷಧ ಶುರುಮಾಡುವ ಮೊದಲೇ, ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ. ಫಲಿತಾಂಶಕ್ಕೆ ಕೆಲವು ದಿನ ಹಿಡಿಯುತ್ತದೆ, ಅಷ್ಟು ತಾಳ್ಮೆ ಯಾರಿಗೂ ಇಲ್ಲ. ಈ ಬ್ಯಾಚಿಗೆ ತಡವಾದರೂ ಮುಂದಿನದಕ್ಕೆ ಅದು ದಾರಿ ತೋರಿಸುತ್ತದೆ.

ಕೈಗೆ ಸಿಕ್ಕಿದ್ದನ್ನು ಬೆರೆಸುವುದರಲ್ಲಿ ಜೀವವೇ ಹೋಗುವ ಅಪಾಯವೊಂದಿದೆ. ರಕ್ತಭೇದಿ ಬಾರದಿರಲೆಂದು ಫೀಡಿನಲ್ಲಿ ಸಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಸೇರಿರುತ್ತದೆ. ಆಗ ಗೊರಗೊರ ಉಸಿರಿನ ಸಿ.ಆರ್.ಡಿ. ಎಂಬ ದೀರ್ಘಕಾಲದ ಉಸಿರಾಟದ ರೋಗಕ್ಕೆಂದು ನೀರಿನಲ್ಲಿ ಟಯಾಮುಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಎರಡೂ ಸೇರಿ ವಿಷವಾಗಿ ಕೋಳಿಗಳು ಕಾಲು ಸೋತು ಬೀಳುತ್ತವೆ. ಫೀಡಿನ ಚೀಲದ ಚೀಟಿ ಓದದೆ ಟಯಾಮುಲಿನ್ ಮುಟ್ಟಬೇಡಿ.

ನನ್ನ ಮಟ್ಟಿಗೆ ಕ್ಷಮಿಸಲಾಗದ್ದು ಕೊನೇ ವಾರದ ಔಷಧ. ರೇಟು ಬಿದ್ದಾಗ ಲಿಫ್ಟಿಂಗ್, ಅಂದರೆ ಬೆಳೆದ ಕೋಳಿ ಒಯ್ಯುವುದು, ತಡವಾಗುತ್ತದೆ. ಎರಡು ಕಿಲೋ ದಾಟಿದ ಕೋಳಿಗಳು ಒತ್ತೊತ್ತಾಗಿ ನಿಂತು, ಹೊಟ್ಟು ಒದ್ದೆಯಾಗಿ, ಕಣ್ಣುರಿಸುವ ಅಮೋನಿಯಾ ಏಳುತ್ತದೆ, ಉಸಿರಾಟ ಕೆಡುತ್ತದೆ, ಸಾವು ಶುರುವಾಗುತ್ತದೆ. ಇವತ್ತು ಔಷಧ, ನಾಳೆ ಲಾರಿ, ನಾಡಿದ್ದು ಯಾರದೋ ತಟ್ಟೆ. 2012ರ ಕೇಂದ್ರ ನಿಯಮದ ಪ್ರಕಾರ ಔಷಧ ನಿಲ್ಲಿಸಿ ಎಷ್ಟು ದಿನ ಕಾಯಬೇಕೆಂಬುದು ಲೇಬಲ್ ಮೇಲೆ ಇರಬೇಕು. ನಿರ್ದಿಷ್ಟ ಅವಧಿ ಇಲ್ಲದ ಔಷಧಕ್ಕೆ ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ನಲವತ್ತು ದಿನ ಬದುಕುವ ಬ್ರಾಯ್ಲರಿಗೆ ಅಂಥ ಔಷಧವನ್ನು ಹನ್ನೆರಡನೇ ದಿನದ ನಂತರ ಕೊಡುವಂತೆಯೇ ಇಲ್ಲ. ಕೊನೇ ವಾರಕ್ಕೆ ಇರುವ ದಾರಿ ಬೇರೆ: ಒದ್ದೆ ಹೊಟ್ಟನ್ನು ತೆಗೆದು ಒಣಗಿದ್ದು ಹರಡಿ, ದಿನಾ ಕೆದಕಿ, ಪರದೆ ಇಳಿಸಿ ಗಾಳಿ ಬಿಡುವುದು, ಮೊದಲೇ ಕೋಳಿಗೆ ಒಂದು ಚದರಡಿಗಿಂತ ಕಡಿಮೆ ಜಾಗ ಬಾರದಂತೆ ಮರಿ ಬಿಡುವುದು.

ಕೊಲಿಸ್ಟಿನ್ ಬಗ್ಗೆ ಒಂದು ಮಾತು. ಮನುಷ್ಯರಿಗೆ ಬೇರೆ ಔಷಧ ಕೈಕೊಟ್ಟಾಗ ಆಸ್ಪತ್ರೆಯಲ್ಲಿ ಉಳಿಯುವ ಕೊನೆಯ ಕೆಲವು ಆ್ಯಂಟಿಬಯೋಟಿಕ್‌ಗಳಲ್ಲಿ ಅದೂ ಒಂದು. ಜುಲೈ 2019ರಲ್ಲೇ ಕೇಂದ್ರ ಸರ್ಕಾರ ಕೋಳಿ, ಮೀನು, ಜಾನುವಾರುಗಳಿಗೆ ಅದನ್ನು ನಿಷೇಧಿಸಿದೆ. ಹಳೇ ಸ್ಟಾಕೆಂದು ಯಾರಾದರೂ ಅಗ್ಗಕ್ಕೆ ಕೊಟ್ಟರೆ ತೆಗೆದುಕೊಳ್ಳಬೇಡಿ. ನಾಟಿ ಕೋಳಿ, ಗಿರಿರಾಜ ಸಾಕುವ ಮನೆಗಳಲ್ಲಿ ಮೆಡಿಕಲ್ ಶಾಪಿನ ಕ್ಯಾಪ್ಸೂಲ್ ಬಿಡಿಸಿ ಅನ್ನಕ್ಕೆ ಕಲಸುವ ಅಭ್ಯಾಸವೂ ನಿಲ್ಲಬೇಕು; ಅಲ್ಲಿ ಡೋಸೂ ಗೊತ್ತಿಲ್ಲ, ಮೊಟ್ಟೆ ಮರುದಿನವೇ ಮಗುವಿಗೆ ಹೋಗುತ್ತದೆ.

ಬ್ಯಾಚು ಮುಗಿದ ಮೇಲೆ ಗೊಬ್ಬರ ಟೊಮೆಟೊ ತೋಟಕ್ಕೆ, ಹಿಪ್ಪುನೇರಳೆಗೆ ಮಾರಾಟವಾಗುತ್ತದೆ. ಕೋಳಿಗೆ ಕೊಟ್ಟ ಔಷಧದ ಒಂದು ಪಾಲು ಹಿಕ್ಕೆಯಲ್ಲೇ ಇರುತ್ತದೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕೂಡ. ಹಸಿಯಾಗಿ ಹೊಲಕ್ಕೆ ಸುರಿಯದೆ ರಾಶಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಟಾರ್ಪಾಲು ಮುಚ್ಚಿ, ವಾರಕ್ಕೊಮ್ಮೆ ಮಗುಚಿ. ಒಳಗೆ ಕೈಯಿಡಲಾಗದಷ್ಟು ಕಾವು ಬಂದು, ಆರಿ, ವಾಸನೆ ಹೋದ ಮೇಲಷ್ಟೇ ತೋಟಕ್ಕೆ ಹಾಕಿ. ಕೊಳ್ಳುವ ರೈತರೂ ಹಾಗೆ ಕಳಿತ ಗೊಬ್ಬರವನ್ನೇ ಕೇಳಿ ಪಡೆಯಲಿ, ಅದಕ್ಕೆ ನಾಲ್ಕು ಕಾಸು ಹೆಚ್ಚಾದರೂ ಸರಿ.