ತಿಂಗಳಿಗೊಂದು ಡಬ್ಬಿ ಬರಲಿಲ್ಲ, ಒಂದೇ ಒಂದು ವಿ.ಪಿ. ಬಂತು

ಅಮೆರಿಕದಲ್ಲಿ ಮಕ್ಕಳು ಚಂದಾ ಕಟ್ಟಿದರೆ ತಿಂಗಳು ತಿಂಗಳು ಅಂಚೆಯಲ್ಲಿ ವಿಜ್ಞಾನದ ಕಿಟ್ ಬರುತ್ತಿತ್ತಂತೆ, ನಮ್ಮ ಕಡೆ ಅಂಥದ್ದು ಇತ್ತಾ, ಈಗ ಎಂಟನೇ ಕ್ಲಾಸಿನ ಮಗಳಿಗೆ ಏನು ಕೊಡಿಸಬಹುದು ಎಂದು ಕೇಳಿದ್ದೀರಿ.

ಅಲ್ಲಿ ಇದ್ದದ್ದು ನಿಜ. ವಾಷಿಂಗ್ಟನ್ನಿನ ಸೈನ್ಸ್ ಸರ್ವಿಸ್ ಎಂಬ ಸಂಸ್ಥೆ 1940ರಲ್ಲೇ 'ಥಿಂಗ್ಸ್ ಆಫ್ ಸೈನ್ಸ್' ಎಂದು ಶುರು ಮಾಡಿತ್ತು. ತಿಂಗಳಿಗೊಂದು ಪುಟ್ಟ ನೀಲಿ ಡಬ್ಬಿ. ನಮ್ಮೂರಿಗೆ ಹಾಗೆ ಬರುತ್ತಿದ್ದದ್ದು ವಾರಪತ್ರಿಕೆ ಮಾತ್ರ. ತಿರುಪು ಹಾಕಿ ಜೋಡಿಸಿ ಆಡುವ ಮೆಕ್ಯಾನಿಕ್ಸ್ ಸೆಟ್ ಪೇಟೆ ಮಕ್ಕಳ ಸಾಮಾನು. ನಮಗಿದ್ದದ್ದು ವಿ.ಪಿ.ಪಿ. ಒಂದೇ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ವಿ.ಪಿ.ಪಿ. ಅಂದರೆ ವ್ಯಾಲ್ಯೂ ಪೇಯಬಲ್ ಪೋಸ್ಟ್. ನೀವು ಒಂದು ಕಾರ್ಡು ಬರೆದರೆ ಸಾಕು, ಸಾಮಾನು ಪೋಸ್ಟಾಫೀಸಿಗೆ ಬರುತ್ತಿತ್ತು. ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ಆ ದುಡ್ಡು ಮನಿಯಾರ್ಡರ್ ಆಗಿ ಕಳಿಸಿದವರಿಗೆ ಹೋಗುತ್ತಿತ್ತು. ಏಳು ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ಪಾರ್ಸೆಲ್ಲು ವಾಪಸ್. ಒಂದೇ ತೊಂದರೆ: ದುಡ್ಡು ಕೊಡುವವರೆಗೆ ಬಿಚ್ಚಿ ನೋಡುವ ಹಾಗಿರಲಿಲ್ಲ. ಮೋಸ ಮಾಡುವವರಿಗೆ ಅಷ್ಟು ಸಾಕಿತ್ತು. ಒಂಬತ್ತು ಮನೆಯಲ್ಲಿ ಅಂಕಿ ತುಂಬಿಸಿ, ಯಾವ ಕಡೆಯಿಂದ ಕೂಡಿದರೂ 15 ಬಂದರೆ ನಿಮಗೆ ರೇಡಿಯೊ ಬಹುಮಾನ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು, ನೆನಪಿದೆಯಾ? ನನ್ನ ಗೆಳೆಯನೊಬ್ಬ ತುಂಬಿಸಿ ಕಳಿಸಿದ. ಬಹುಮಾನ ವಿ.ಪಿ.ಯಲ್ಲಿ ಬಂತು. ಬಿಡಿಸಿಕೊಂಡು ನೋಡಿದರೆ ಒಳಗೆ ಪ್ಲಾಸ್ಟಿಕ್ ಆಟದ ಸಾಮಾನು. ಅವನ ಅಪ್ಪ ಬಾರಿಸಿದ್ದು ಮಾತ್ರ ಅಸಲಿ.

ಇಷ್ಟಾದರೂ 1986ರಲ್ಲಿ ನಾನೊಂದು ಕಾರ್ಡು ಬರೆದೆ. ತೀರ್ಥಹಳ್ಳಿ ಕಡೆಯ ಹಳ್ಳಿ, ನಾನು ಒಂಬತ್ತನೇ ಕ್ಲಾಸು. ಬೊಂಬಾಯಿಯ ಒಂದು ಕಂಪನಿ (ಹೆಸರು ಬೇಡ ಬಿಡಿ) ಆರು ಟ್ರಾನ್ಸಿಸ್ಟರಿನ ರೇಡಿಯೊ ಕಿಟ್ ಕಳಿಸುತ್ತಿತ್ತು. ಅಂಚೆ ಖರ್ಚು ಸೇರಿ 85 ರೂಪಾಯಿ. ತೋಟದಲ್ಲಿ ಉದುರು ಅಡಿಕೆ ಹೆಕ್ಕಿ ಒಣಗಿಸಿ ಮಾರಿದ ದುಡ್ಡು ನನ್ನ ಹತ್ತಿರ ಇತ್ತು. ಅಪ್ಪನಿಗೆ ಹೇಳಿದರೆ, "ರೇಡಿಯೊ ಮಾಡ್ತೀಯಾ? ಲೈಸೆನ್ಸ್ ಯಾರು ತಗೊಳ್ತಾರೆ?" ಎಂದರು. ತಮಾಷೆಯಲ್ಲ. ಹಿಂದೆ ರೇಡಿಯೊ ಇಟ್ಟುಕೊಳ್ಳಲು ವರ್ಷ ವರ್ಷ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಬೇಕಿತ್ತು, ಅದಕ್ಕೊಂದು ಪುಟ್ಟ ಪುಸ್ತಕವೂ ಇತ್ತು. ಆ ಕಾನೂನು ಹೋಗಿಯಾಗಿತ್ತು, ಅಪ್ಪನ ಭಯ ಹೋಗಿರಲಿಲ್ಲ.

ಪೋಸ್ಟ್‌ಮ್ಯಾನ್ ಶಾಲೆಯ ಹತ್ತಿರವೇ ಕೂಗಿ ಹೇಳಿದರು, "ನಿಂಗೊಂದು ವಿ.ಪಿ. ಬಂದದೆ ಕಣೋ!" ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ ಕಟ್ಟು. ಮನೆಗೆ ಬರುವವರೆಗೂ ಬಿಚ್ಚಲಿಲ್ಲ. ಯಾಕೆ ಅಂತ ಕೇಳಬೇಡಿ. ಗೆಳೆಯನ ಪ್ಲಾಸ್ಟಿಕ್ಕು ಕಣ್ಣ ಮುಂದೆ ಬರುತ್ತಿತ್ತು.

ಒಳಗೆ ನಿಜವಾಗಿಯೂ ರೇಡಿಯೊದ ಸಾಮಾನೇ ಇತ್ತು. ಪೆನ್ಸಿಲ್ಲಿನಷ್ಟು ದಪ್ಪದ ಕಪ್ಪು ಫೆರೈಟ್ ಕಡ್ಡಿ, ಅದಕ್ಕೆ ಸುತ್ತಿದ ತಂತಿ, ಸ್ಟೇಷನ್ ಹುಡುಕಲು ತಿರುಗಿಸುವ ಗ್ಯಾಂಗ್, ಸ್ಪೀಕರು, ಬಣ್ಣದ ಪಟ್ಟಿ ಬಳಿದ ರೆಸಿಸ್ಟರುಗಳು. ಎರಡು ಟ್ರಾನ್ಸಿಸ್ಟರಿನ ಮೇಲೆ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, ಎಂದಿತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ್ದು ಬೊಂಬಾಯಿಗೆ ಹೋಗಿ ನಮ್ಮೂರಿಗೆ ಬಂದಿತ್ತು. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಹಾಳೆ. ಅದರ ಮೊದಲ ಸಾಲಿನಲ್ಲೇ ಬೆಸುಗೆ ಹಾಕಲು 25 ವ್ಯಾಟಿನ ಸೋಲ್ಡರಿಂಗ್ ಐರನ್ ಬಳಸಿ ಎಂದಿತ್ತು. ನನ್ನ ಹತ್ತಿರ ಅದು ಇರಲಿಲ್ಲ. ಇದ್ದರೂ ಏನು ಮಾಡುವುದು, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದ್ದೇ ಜಾಸ್ತಿ.

ಒಂದು ದಪ್ಪ ತಾಮ್ರದ ತಂತಿಗೆ ಮರದ ಹಿಡಿ ಹಾಕಿಕೊಂಡೆ. ಅದನ್ನು ಬಚ್ಚಲೊಲೆಯ ಕೆಂಡದಲ್ಲಿ ಕಾಯಿಸಿ, ಓಡಿ ಬಂದು ಟ್ರಾನ್ಸಿಸ್ಟರಿನ ಒಂದು ಕಾಲು ಬೆಸೆಯುವಷ್ಟರಲ್ಲಿ ಆರಿರುತ್ತಿತ್ತು. ಮತ್ತೆ ಬಚ್ಚಲಿಗೆ. ಒಂದು ಬೆಸುಗೆಗೆ ಒಂದು ಓಟ. ಸ್ನಾನಕ್ಕೆ ಹೋದವರೆಲ್ಲ ಬೆಸುಗೆಯ ಪೇಸ್ಟ್ ಸುಟ್ಟ ವಾಸನೆ ಹೊತ್ತು ಬರುತ್ತಿದ್ದರು. ಅಜ್ಜಿಗೆ ಮಾತ್ರ ಅದು ಧೂಪದ ಹಾಗೆ ಇದೆ ಅನಿಸುತ್ತಿತ್ತಂತೆ.

ಹದಿನೈದು ದಿನ ಹಿಡಿಯಿತು. ನಾಲ್ಕು ಶೆಲ್ ಹಾಕಿ ತಿರುಗಿಸಿದೆ. ಕರ್ ಅಂದಿತು, ಅಷ್ಟೇ. ಗ್ಯಾಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಎಲ್ಲೋ ದೂರದಲ್ಲಿ ಯಾರೋ ಬಾವಿಯೊಳಗಿಂದ ಮಾತಾಡಿದ ಹಾಗೆ. ಎಲ್ಲ ಬಿಚ್ಚಿ ಮತ್ತೆ ಬೆಸೆದೆ. ಕಂಪನಿಗೆ 15 ಪೈಸೆಯ ಕಾರ್ಡು ಮೂರು ಬರೆದೆ. ಒಂದಕ್ಕೂ ಉತ್ತರವಿಲ್ಲ. ತಿಂಗಳಿಗೊಂದು ಡಬ್ಬಿ ಬರುತ್ತಿದ್ದರೆ ಆಗಲೇ ಇದನ್ನು ಅಟ್ಟಕ್ಕೆ ಎಸೆದು ಮುಂದಿನದಕ್ಕೆ ಕಾಯುತ್ತಿದ್ದೆ, ಖಂಡಿತ. ಇನ್ನೊಂದು ಬರುವ ಆಸೆ ಇರಲಿಲ್ಲ ನೋಡಿ. ಹಾಗಾಗಿ ಬಿಡಲಾಗಲಿಲ್ಲ.

ಕೊನೆಗೆ ಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದವರ ಬಳಿ ಹೋದೆ. ಕುಂದಾಪುರದ ಕಡೆಯವರು, ಎಲ್ಲರಿಗೂ ರೇಡಿಯೊ ಶೆಟ್ರು. ನನ್ನ ಬೆಸುಗೆ ನೋಡಿ ಮೊದಲು ಚೆನ್ನಾಗಿ ನಕ್ಕರು. ಆಮೇಲೆ ಸುಮ್ಮನಾಗಿ ಬೋರ್ಡನ್ನು ಕಣ್ಣ ಹತ್ತಿರ ಹಿಡಿದರು. "ಎಂತ ಮಾರಾಯಾ, ಕಪ್ಪು ಎಲ್ಲಿ?"

ಅಂಥ ರೇಡಿಯೊದಲ್ಲಿ ಸಕ್ಕರೆ ಗಟ್ಟಿಯಂಥ ನಾಲ್ಕು ಚೌಕ ಕಾಯಿಲ್, ಅಂದರೆ ತಂತಿ ಸುರುಳಿ, ಇರುತ್ತವೆ. ಕೆಂಪು, ಹಳದಿ, ಬಿಳಿ, ಕಪ್ಪು. ನನಗೆ ಬಂದದ್ದು ಎರಡು ಬಿಳಿ. ಕಪ್ಪು ಇರಲೇ ಇಲ್ಲ. ಹಾಳೆಯಲ್ಲಿದ್ದ ಚಿತ್ರ ಕಪ್ಪು ಬಿಳುಪು, ನನಗೆ ಹೇಗೆ ಗೊತ್ತಾಗಬೇಕು?

ಶೆಟ್ರು ಅಂದು ಒಂದು ಲೆಕ್ಕ ಹೇಳಿಕೊಟ್ಟರು. ಯಾವ ಸ್ಟೇಷನ್ನೇ ಬರಲಿ, ರೇಡಿಯೊ ಅದನ್ನು 455 ಕಿಲೊಹರ್ಟ್ಸ್‌ಗೆ ತಂದುಕೊಳ್ಳುತ್ತದೆ. ಭದ್ರಾವತಿ ಸ್ಟೇಷನ್ 675. ಕೆಂಪು ಕಾಯಿಲ್ ಒಳಗೆ 1130 ಹುಟ್ಟಿಸುತ್ತದೆ. ಕಳೆದರೆ 455. ಧಾರವಾಡ 765, ಒಳಗೆ 1220. ಕಳೆದರೆ ಮತ್ತೆ 455. ಹಳದಿ, ಬಿಳಿ, ಕಪ್ಪು ಮೂರೂ ಆ ಒಂದು 455ನ್ನು ಬಿಟ್ಟು ಬೇರೆಯದನ್ನು ದಾಟಲು ಬಿಡುವುದಿಲ್ಲ. ಗಣಿತದ ಮೇಷ್ಟ್ರು ಕಳೆಯುವ ಲೆಕ್ಕವನ್ನು ಹೀಗೆ ಹೇಳಿದ್ದರೆ ನಾನು ಕೈ ಎತ್ತಿ ಉತ್ತರ ಹೇಳುತ್ತಿದ್ದೆ.

ಕಪ್ಪು ಕಾಯಿಲಿಗೆ ಮೂರು ರೂಪಾಯಿ ತೆಗೆದುಕೊಂಡರು. ಬೆಸೆದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಅದರ ತಲೆಯಲ್ಲಿನ ತಿರುಪು ತಿರುಗಿಸಲು ನಾನು ಸ್ಕ್ರೂಡ್ರೈವರ್ ಎತ್ತಿದ್ದೇ ಕೈಗೆ ಒಂದು ಬಿತ್ತು. ಕಬ್ಬಿಣ ತಾಗಿದರೆ ಲೆಕ್ಕ ತಪ್ಪುತ್ತದೆ, ಒಳಗಿನ ಫೆರೈಟ್ ಒಡೆದರೂ ಒಡೆಯಿತು. "ಅಡಿಕೆ ದಬ್ಬೆ ಕೆತ್ತಿಕೋ, ನಿಮ್ಮನೆಯಲ್ಲಿ ಬೇಕಾದಷ್ಟು ಉಂಟಲ್ಲ" ಎಂದರು.

ಮನೆಗೆ ಬಂದು ದಬ್ಬೆ ಸೀಳಿ, ತುದಿ ಚೂಪು ಮಾಡಿ, ಕೂದಲೆಳೆಯಷ್ಟು ತಿರುಗಿಸುತ್ತ ಕೂತೆ. ಹಳದಿ ಸ್ವಲ್ಪ, ಬಿಳಿ ಸ್ವಲ್ಪ, ಮತ್ತೆ ಹಳದಿ. ಕಪ್ಪನ್ನು ತಿರುಗಿಸಿದಾಗ ಬಾವಿಯೊಳಗಿದ್ದ ಮನುಷ್ಯ ಸೀದಾ ಜಗುಲಿಗೆ ಬಂದು ಕೂತ! ಭದ್ರಾವತಿ ಆಕಾಶವಾಣಿ, ಕೃಷಿರಂಗ, ಪೇಟೆ ಧಾರಣೆ. ಅಡಿಕೆಯ ಬಗೆಗಳು: ಗೊರಬಲು, ಬೆಟ್ಟೆ, ರಾಶಿ. ನಾನು ಕಿರುಚಿದ್ದಕ್ಕೆ ಅಪ್ಪ ಒಳಗಿನಿಂದ ಓಡಿ ಬಂದರು. ರೇಡಿಯೊ ಹಾಡಿತಲ್ಲ ಎಂದು ಹೊಗಳಲಿಲ್ಲ. "ಸ್ವಲ್ಪ ಸುಮ್ನಿರು ಮಾರಾಯ, ರಾಶಿ ಎಷ್ಟು ಅಂದ ಕೇಳಲಿಲ್ಲ" ಎಂದರು.

ಇನ್ನು ನಿಮ್ಮ ಮಗಳ ವಿಷಯ. ನೀವು ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಸಾದರ ಪತ್ರಪ್ಪ ರಸ್ತೆಗೆ ಅವಳನ್ನೇ ಕರೆದುಕೊಂಡು ಹೋಗಿ. ಆನ್‌ಲೈನ್‌ನಲ್ಲೂ ಸಿಗುತ್ತದೆ, ಆದರೆ ಅಂಗಡಿಯಲ್ಲಿ ಡಬ್ಬಿ ಡಬ್ಬಿ ಸಾಮಾನು ನೋಡುವುದೇ ಬೇರೆ. ಎಫ್‌ಎಂ ಕಿಟ್ ಕೊಡಿಸಿ. ಒಂದೇ ಒಂದು. ಅದು ಹಾಡುವವರೆಗೆ ಎರಡನೆಯದು ಬೇಡ. ಐದಾರು ರೆಸಿಸ್ಟರ್ ಹೆಚ್ಚಿಗೆ ತನ್ನಿ, ಸುಟ್ಟೇ ಸುಡುತ್ತಾಳೆ. 25 ವ್ಯಾಟಿನ ಐರನ್ ಮರೆಯಬೇಡಿ, ನಿಮ್ಮ ಮನೆಯಲ್ಲಿ ಬಚ್ಚಲೊಲೆ ಇರಲಿಕ್ಕಿಲ್ಲ.