ಎರಡು ಹೊತ್ತು ನೀರು ಹಾಕಿದರೂ ಗಿಡ ಬಾಡುತ್ತಿದ್ದರೆ

ಟೆರೇಸ್ ಮೇಲಿನ ಬದನೆ, ಟೊಮೆಟೊ ಗಿಡಗಳಿಗೆ ದಿನಕ್ಕೆ ಎರಡು ಸಲ ನೀರು ಹಾಕಿದರೂ ಮಧ್ಯಾಹ್ನ ಬಾಡುತ್ತವೆ, ಮೂರನೇ ಸಲ ಹಾಕಲಾ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ಹಾಕಬೇಡಿ.

ಉರಿಬಿಸಿಲಲ್ಲಿ ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆರಿಹೋಗುತ್ತದೆ, ಅದಕ್ಕೇ ಎಲೆ ಜೋತು ಬೀಳುತ್ತದೆ. ಸಂಜೆ ತಾನಾಗಿ ಎದ್ದು ನಿಂತರೆ ಗಿಡ ಚೆನ್ನಾಗಿದೆ ಅಂತ. ಬೆಳಗ್ಗೆ ಆರು ಗಂಟೆಗೂ ಬಾಡಿಯೇ ಇದ್ದರೆ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ. ತಂಪಾಗಿ ಮಣ್ಣು ಅಂಟಿಕೊಂಡರೆ ತೊಂದರೆ ನೀರಿನ ಕೊರತೆಯದಲ್ಲ, ನೀರು ಹೆಚ್ಚಾಗಿ ಬೇರು ಕೊಳೆಯುತ್ತಿರಬಹುದು. ಇದು ಗೊತ್ತಿಲ್ಲದೆ ನಾನು ಒಂದು ಒಳ್ಳೆಯ ಕರಿಬೇವಿನ ಗಿಡ ಕಳೆದುಕೊಂಡೆ. ಕಿತ್ತು ನೋಡಿದರೆ ಬೇರೆಲ್ಲ ಕಪ್ಪಗಾಗಿ, ಹಿಡಿದರೆ ಸಿಪ್ಪೆ ಕೈಗೇ ಜಾರಿ ಬರುತ್ತಿತ್ತು. ಇವತ್ತಿಗೂ ಬೇಜಾರಿದೆ.

ನಮ್ಮ ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ, ನಮ್ಮನೆಗೆ ಬೋರ್‌ವೆಲ್ ನೀರೇ ಗತಿ, ಏಪ್ರಿಲ್ ಬಂದರೆ ಟ್ಯಾಂಕರ್. ಹಾಗಾಗಿ ಹಾಕಿದ ನೀರನ್ನು ಮಣ್ಣಲ್ಲೇ ಉಳಿಸಿಕೊಳ್ಳುವುದನ್ನು ಕಲಿಯಬೇಕಾಯಿತು. ಬೆಳಗ್ಗೆ ಏಳರೊಳಗೆ ಒಂದೇ ಸಲ, ಕುಂಡದ ಅಡಿಯ ತೂತಿನಿಂದ ಹನಿ ಬೀಳುವವರೆಗೆ ಹಾಕುತ್ತೇನೆ. ಮೇಲೆ ಎರಡು ಇಂಚು ರಾಗಿ ಹುಲ್ಲು ಹೊದಿಸುತ್ತೇನೆ, ಕಾಂಡಕ್ಕೆ ಮಾತ್ರ ತಾಗಿಸುವುದಿಲ್ಲ. ಹುಲ್ಲು ಸಿಗದಿದ್ದರೆ ಒಣಗಿದ ಎಲೆ, ತೆಂಗಿನ ನಾರು ಯಾವುದಾದರೂ ಆಗುತ್ತದೆ.

ನೆಲದಲ್ಲಿರುವ ಗಿಡಕ್ಕೆ ಮಡಕೆಯಷ್ಟು ಒಳ್ಳೆಯದು ನಾನು ಕಂಡಿಲ್ಲ. ಬಣ್ಣ ಬಳಿಯದ, ತೂತಿಲ್ಲದ ಸಣ್ಣ ಮಣ್ಣಿನ ಮಡಕೆಯನ್ನು ಗಿಡದ ಪಕ್ಕ ಕತ್ತಿನವರೆಗೆ ಹೂಳಿ, ನೀರು ತುಂಬಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಬಿಗಿಯಾಗಿ ಮುಚ್ಚಿ. ಸುತ್ತಲಿನ ಮಣ್ಣು ಒಣಗಿದಷ್ಟೂ ಅದು ಜಿನುಗುತ್ತದೆ. ನಮ್ಮ ಮಲ್ಲಿಗೆ ಬುಡದ ಮಡಕೆಯನ್ನು ಮಳೆಗಾಲದಲ್ಲಿ ಹೊರಗೆ ತೆಗೆದಾಗ ಬಿಳಿ ಎಳೆಬೇರುಗಳು ಅದರ ಹೊಟ್ಟೆಯನ್ನು ಬಲೆಯ ಹಾಗೆ ತಬ್ಬಿಕೊಂಡಿದ್ದವು.

ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಬೇಡವೆಂದು ಹೊರಹಾಕುವ ನೀರನ್ನು ಸುಮ್ನೆ ಯಾಕೆ ಚೆಲ್ಲೋದು ಅಂತ ದಿನಾ ಗಿಡಕ್ಕೆ ಸುರಿಯಬೇಡಿ. ಬೋರ್‌ವೆಲ್ ನೀರಲ್ಲೇ ಉಪ್ಪಿನಂಶ ಜಾಸ್ತಿ, ಇದರಲ್ಲಿ ಅದು ಇನ್ನೂ ಗಟ್ಟಿಯಾಗಿರುತ್ತದೆ. ಕುಂಡದ ಅಂಚಲ್ಲಿ ಬಿಳಿ ಪುಡಿ ಕೂತಿದೆಯಾ ನೋಡಿ. ನೆಲ ಒರೆಸಲು, ಪಾತ್ರೆ ತೊಳೆಯಲು ಅದು ಸಾಕು, ಗಿಡಕ್ಕೆ ಅಕ್ಕಿ, ತರಕಾರಿ ತೊಳೆದ ನೀರು ಕೊಡಿ. ಗೊಬ್ಬರ, ಕತ್ತರಿ ಎರಡೂ ಮಳೆ ಬೀಳುವವರೆಗೆ ಬೇಡ. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳ ಬಂದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ, ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ನಿಮ್ಮವು ಕಪ್ಪು ಪ್ಲಾಸ್ಟಿಕ್ ಕುಂಡಗಳಾ? ಹಾಗಿದ್ದರೆ ಇವತ್ತೇ ಗೋಣಿಚೀಲ ಸುತ್ತಿ, ಇಟ್ಟಿಗೆ ಮೇಲೆ ಎತ್ತಿಡಿ. ಕಾದ ಕಾಂಕ್ರೀಟಿನ ಮೇಲೆ ಬೇರು ಬೇಯುತ್ತಿರುತ್ತದೆ.